ಕಟ್ಟದ ಕಡೆಗೆ ತೇಲುವ ಹೂ

ಘೋಟಿ,
ಮೇ 12, 2024

ಪ್ರೀತಿಯ ದೀಕ್ಷು ಅಕ್ಕನಿಗೆ ಅಪ್ಪಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ "ಹ್ಞೂಂ" ಎನ್ನುತ್ತೀ, ಅದು ಫೋನಿನಲ್ಲಿ ಕೇಳಿ ಸಾಕಾಗಿದೆ. ಯುಗಾದಿಗೆ ಬರೆಯಬೇಕಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ, ಕ್ಷಮಿಸು. ಕೆಲಸ ಹೆಚ್ಚಾಗಿ ತಡವಾದದ್ದಲ್ಲ. ಹೇಳಬೇಕಾದ ಸಂಗತಿ ನನಗೇ ಸರಿಯಾಗಿ ತಿಳಿದಿರಲಿಲ್ಲ. ಈಗ ತಿಳಿದಿದೆ, ಆದರೆ ಫೋನಿನಲ್ಲಿ ಕೆರೆಯ ಮಾತು ಬಂದ ಕೂಡಲೇ ನೀನು "ಆಮೇಲೆ ಮಾಡ್ತೇನೆ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಅರ್ಧಕ್ಕೆ ಮಡಚಿಟ್ಟರೂ ಅದು ಎಲ್ಲಿಗೂ ಹೋಗುವುದಿಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿ ಕೂರಿಸಿ ಬರೆಸಿದ ಕನ್ನಡ, ಹನ್ನೊಂದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಮೊದಲು ನನ್ನ ಸುದ್ದಿ. ನಿಫಾಡಿನ ದ್ರಾಕ್ಷಿ ಪ್ಯಾಕಿಂಗ್ ಕೆಲಸವನ್ನೂ ಬಿಟ್ಟೆ. ಒಡೆದ ದ್ರಾಕ್ಷಿಯನ್ನು ಡಬ್ಬಿಯ ಅಡಿಯಲ್ಲಿ ಹಾಕು ಎಂದರು, ಹಾಕುವುದಿಲ್ಲ ಎಂದೆ. ಈಗ ನಮ್ಮ ಹೋಟೆಲಿನಲ್ಲೇ ಸದಾನಂದ ಮಾವನ ಜೊತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ. ಒಬ್ಬ ಗಿರಾಕಿ ಸಾಂಬಾರು ಬೆಳಗಿನದಾ ಎಂದು ಕೇಳಿದ. ಹೌದು ಎಂದೆ. ಅವನು ಎದ್ದು ಹೋದ. ಮಾವ ಹಣೆ ಹಣೆ ಬಡಿದುಕೊಂಡರು. "ನಿನ್ನ ಸತ್ಯದಲ್ಲಿ ಒಂದು ಎಳನೀರಿನ ಗಾಡಿ ಸಹ ನಡೀಲಿಕ್ಕಿಲ್ಲ ಮಾರಾಯ್ತಿ. ಬೆಳಗಿನದ್ದಲ್ಲ ಅಂತ ಹೇಳುದು ಬೇಡ. ಬಿಸಿ ಉಂಟು ಅಂತ ಹೇಳು, ಅದು ಸುಳ್ಳಲ್ಲ" ಎಂದರು.

ಇನ್ನೊಂದು. ಹೋದ ತಿಂಗಳು ನಿನ್ನಲ್ಲಿಗೆಂದು ಸಂಭಾಜಿನಗರದ ಬಸ್ಸು ಹತ್ತಿದ್ದೆ. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದವಳು ಮತ್ತೆ ಹತ್ತಲಿಲ್ಲ. ಎದುರಿಗೆ ಕೂತರೂ ನೀನು "ಆಮೇಲೆ" ಎಂದರೆ ಏನು ಮಾಡಲಿ ಅನ್ನಿಸಿತು. ಎದುರು ಬಂದ ನಾಶಿಕದ ಬಸ್ಸಿನಲ್ಲಿ ವಾಪಸು ಬಂದೆ.

ಇನ್ನು ಕೆರೆ. ಎದ್ದು ಹೋಗಬೇಡ, ಓದು.

ತಮ್ಮ ದಿಗಂತ್ ಹೋದ ಮೇಲೆ ಹೋಟೆಲಿನ ಹಿಂದಿನ ಕೆರೆಯಲ್ಲಿ ಬೋಟಿಂಗ್ ನಿಂತದ್ದು ನಿನಗೆ ಗೊತ್ತು. ಉಳಿದ ದೋಣಿಗಳನ್ನು ಅಪ್ಪ ಮಾರಿದರು. ನೀವಿಬ್ಬರೂ ಹತ್ತಿದ್ದ ಹಂಸದ ದೋಣಿಯನ್ನು ಯಾರೂ ಕೇಳಲಿಲ್ಲ, ನಾವೂ ಕೊಡುತ್ತೇವೆ ಎನ್ನಲಿಲ್ಲ. ಅದು ಹೋಟೆಲಿನ ಹಿಂದಿನ ಮೆಟ್ಟಿಲ ಬಳಿ ಹಗ್ಗ ಕಟ್ಟಿಸಿಕೊಂಡು ಎರಡು ವರ್ಷ ನಿಂತಿತ್ತು. ಈ ಚಳಿಗಾಲ ಕಳೆದ ಮೇಲೆ ಹಗ್ಗ ಕೊಳೆತು ತುಂಡಾಯಿತು. ಬೆಳಿಗ್ಗೆ ನೋಡಿದರೆ ದೋಣಿ ಎದುರಿಗೆ ಅಪ್ಪ ಹಳ್ಳಕ್ಕೆ ಅಡ್ಡ ಹಾಕಿಸಿದ ಮಣ್ಣಿನ ಕಟ್ಟದ ನಡುವಿಗೆ ಹೋಗಿ, ಮಣ್ಣಿಗೆ ಕೊಕ್ಕು ತಾಗಿಸಿ ನಿಂತಿತ್ತು. ಅವತ್ತು ಅದು ಮಗುಚಿದ್ದು ಅಲ್ಲಿಯೇ. ಎಳೆದು ತಂದು ಮೆಟ್ಟಿಲ ಬಳಿ ಬಿಟ್ಟೆವು. ಮರುದಿನ ಮತ್ತೆ ಅಲ್ಲೇ. ಗಾಳಿ ಇರಲಿಲ್ಲ ಅಕ್ಕ, ಬಾಳೆ ಎಲೆ ಸಹ ಅಲುಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಹತ್ತಿರ ಹೋಗಿ ನೋಡುತ್ತಿದ್ದ ಹಾಗೆ ಖಾಲಿ ದೋಣಿಯ ಪೆಡಲ್ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ ನಿಂತಿತು. ಯಾರೋ ಕಾಲು ಇಟ್ಟು ತೆಗೆದ ಹಾಗೆ.

ಹಗ್ಗ ಕಟ್ಟೋಣ ಎಂದರೆ ಅಮ್ಮ ಬಿಡಲಿಲ್ಲ. "ಅದು ಹೋಗುವಲ್ಲಿಗೆ ಹೋಗ್ಲಿ" ಎಂದಳು.

ಅಮ್ಮ ದಿನಾ ಬೆಳಿಗ್ಗೆ ದಾಸವಾಳ, ನಂದಬಟ್ಟಲು ಕೊಯ್ದು ಮೆಟ್ಟಿಲಿಗೆ ಹೋಗುತ್ತಾಳೆ. ಒಂದೊಂದೇ ಹೂವಿಗೆ ತುಟಿ ಅಲುಗಿಸಿ ಏನೋ ಹೇಳಿ ನೀರಿಗೆ ಬಿಡುತ್ತಾಳೆ. ನಾವು ಯಾರೂ ಆ ಹೊತ್ತಿಗೆ ಹತ್ತಿರ ಹೋಗುವುದಿಲ್ಲ. ಮೊದಲೆಲ್ಲ ಹೂ ಅಲ್ಲಿಯೇ ಕೊಳೆಯುತ್ತಿತ್ತು. ಈಗ ಅದೂ ದೋಣಿಯ ದಾರಿ ಹಿಡಿದಿದೆ. ಒಂದರ ಹಿಂದೆ ಒಂದು, ಮದುವೆ ದಿಬ್ಬಣದ ಹಾಗೆ, ಕಟ್ಟದ ನಡುವಿಗೆ ಹೋಗಿ, ಅಲ್ಲಿ ಸುತ್ತು ತಿರುಗುತ್ತದೆ. ಸಂಜೆಗೆ ನೋಡಿದರೆ ಒಂದೂ ಇರುವುದಿಲ್ಲ.

"ಮೊದ್ಲು ಕೇಳ್ತಿರ್ಲಿಲ್ಲ. ಈಗ ಕೇಳಿಸ್ತದೆ ಕಾಣ್ತದೆ" ಎಂದಳು ಅಮ್ಮ. ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳ ಮುಖ ಎಷ್ಟೋ ಕಾಲದ ಮೇಲೆ ತಿಳಿಯಾಗಿತ್ತು.

ಮಾವನಿಗೆ ಮಾತ್ರ ಸಿಟ್ಟು. "ರಾಮಕುಂಡದಲ್ಲಿ ಅಸ್ಥಿ ಬಿಟ್ಟು ಬಂದಿದ್ದೇವೆ. ಗೋದಾವರಿಯಲ್ಲಿ ಹೋದವ ಈ ಹೊಂಡಕ್ಕೆ ಎಂತಕ್ಕೆ ಬರ್ತಾನೆ?" ಎನ್ನುತ್ತಾರೆ. ಎನ್ನುತ್ತಾರೆ ಅಷ್ಟೆ, ಹಿಂದಿನ ಬಾಗಿಲಿನ ಹತ್ತಿರ ಕೈ ತೊಳೆಯಲೂ ಹೋಗುವುದಿಲ್ಲ. ದೋಸೆ ಹೊಯ್ಯುವ ಹುಡುಗರಿಬ್ಬರು ಕೆಲಸ ಬಿಟ್ಟು ಹೋದರು.

ನನಗೂ ಹೆದರಿಕೆಯಾಯಿತು. ಆದರೆ ಹೆದರಿಕೊಂಡು ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ಅಮ್ಮ ಇಲ್ಲದ ಹೊತ್ತಿನಲ್ಲಿ ಮೆಟ್ಟಿಲಿನಿಂದ ಕಾಗದದ ಚಹಾ ಕಪ್ಪು ಬಿಟ್ಟೆ, ಈರುಳ್ಳಿ ಸಿಪ್ಪೆ ಬಿಟ್ಟೆ, ಒಂದು ಹಳೆಯ ಹವಾಯಿ ಚಪ್ಪಲಿ ಬಿಟ್ಟೆ. ಎಲ್ಲವೂ ಅಲ್ಲಿಗೇ ಹೋದವು. ದಿಗಂತನಿಗೆ ಈರುಳ್ಳಿ ಆಗುತ್ತಿರಲಿಲ್ಲ, ನಿನಗೆ ಗೊತ್ತಲ್ಲ. ನನಗೆ ನಗು ಬಂತು, ಆಮೇಲೆ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಏಳಲಾಗಲಿಲ್ಲ.

ಅದೇ ವಾರ ಪಾತ್ರೆ ತೊಳೆಯಲು ಬರುವ ಪಾರೂಬಾಯಿ, ಕಟ್ಟದ ಕೆಳಗಿನ ವಾಡಿಯವಳು, "ಅಂಗಣ ಓಲಂಚ ರಾಹತಂ" ಎಂದಳು. ಮೇ ತಿಂಗಳ ಬಿಸಿಲಿನಲ್ಲಿ ಅವಳ ಅಂಗಳ ಒದ್ದೆಯಾಗಿಯೇ ಇರುತ್ತದಂತೆ. ನಾನು ಕಟ್ಟದ ಹಿಂಬದಿಗೆ ಇಳಿದು ನೋಡಿದೆ. ಲಂಟಾನದ ಪೊದೆಯ ಅಡಿಯಿಂದ ನೀರು ಬರುತ್ತಿತ್ತು. ಹಾಲು ಹಾಕಿದ ಚಹಾದ ಬಣ್ಣ.

ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅಪ್ಪ ಅಂಗೈಯಲ್ಲಿ ನೀರು ಹಿಡಿದು, ಚೆಲ್ಲಿ, ಉಳಿದ ಕೆಸರನ್ನು ಬೆರಳಿನಲ್ಲಿ ತಿಕ್ಕಿದರು. "ಊರಲ್ಲಿ ಅಜ್ಜ ಹೇಳ್ತಿದ್ರು. ತಿಳಿನೀರು ಬಂದ್ರೆ ಕಟ್ಟ ಬೆವರುದು, ಕದಡು ಬಂದ್ರೆ ಕಟ್ಟ ಕರಗುದು" ಎಂದರು. ಕಟ್ಟದ ನಡುವೆ ಹೂತಿದ್ದ ಹಳೆಯ ಪೈಪಿನ ಸುತ್ತ ಮಣ್ಣು ಕೊಚ್ಚಿಹೋಗಿ ಬಿಲವಾಗಿದೆ. ಕೆರೆಯ ನೀರು ಅದರೊಳಗೆ ಇಳಿಯುತ್ತಿದೆ. ಮೇಲೆ ತೇಲುವುದನ್ನೆಲ್ಲ ಅತ್ತ ಎಳೆಯುತ್ತದೆ. ಇಷ್ಟೇ ಸಂಗತಿ.

ಊರಿನಲ್ಲಿ ತೋಡಿನ ನೀರಿಗೆ ಅಡ್ಡ ಕಟ್ಟ ಕಟ್ಟುವುದು ಮಳೆ ನಿಂತ ಮೇಲೆ, ಬಿಚ್ಚುವುದು ಮಳೆ ಬರುವ ಮೊದಲು. ಪ್ರತಿ ವರ್ಷ ಕಟ್ಟಿ, ಪ್ರತಿ ವರ್ಷ ಬಿಚ್ಚುತ್ತಾರೆ. ಇಲ್ಲಿ ಮುಂಬಯಿಯ ಜನ ಬರುವುದೇ ಮಳೆಗಾಲದಲ್ಲಿ, ಮಂಜು ಮತ್ತು ತುಂಬಿದ ಕೆರೆ ನೋಡಲು. ಹಾಗಾಗಿ ಅಪ್ಪ ಬಿಚ್ಚಲೇ ಇಲ್ಲ. ಹುಲ್ಲು ಬೆಳೆಯಿತು, ನಾವೆಲ್ಲ ಅದರ ಮೇಲೆ ನಡೆದು ದೊಡ್ಡವರಾದೆವು, ಅದು ಗುಡ್ಡದ ಹಾಗೆ ಮೊದಲಿನಿಂದ ಇದ್ದದ್ದು ಎಂದುಕೊಂಡೆವು. "ಭಾವ ಊರಿನ ಅರ್ಧ ಬುದ್ಧಿ ಮಾತ್ರ ತಂದದ್ದು. ಕಟ್ಟುವ ಅರ್ಧ. ಬಿಚ್ಚುವ ಅರ್ಧ ಅಲ್ಲೇ ಬಿಟ್ಟು ಬಂದದ್ದು" ಎಂದು ಮಾವ ಎದುರಿಗೇ ಹೇಳಿದರು.

ಮಳೆಯ ಮೊದಲು ಕಟ್ಟವನ್ನು ಬಿಚ್ಚಲೇಬೇಕು. ಕೆಳಗೆ ಪಾರೂಬಾಯಿಯ ಮನೆ, ಅದರ ಆಚೆ ವಾಡಿಯ ಉಳಿದ ಮನೆಗಳು. ಆದರೆ ಅಪ್ಪ ಅಮ್ಮನಿಗೆ ನಿಜ ಹೇಳದೆ, ಕೆರೆ ತೆಗೆದು ಕಾರ್ ಪಾರ್ಕಿಂಗ್ ಮಾಡುವ ಎಂದರು. ಅಮ್ಮ ದೋಸೆ ಕಾವಲಿಯಿಂದ ಕಣ್ಣೆತ್ತದೆ, "ಜೇಸಿಬಿ ಬಂದ ದಿನ ನಾನು ಕಟ್ಟದ ಮೇಲೆ ಮಲಗ್ತೇನೆ. ನನ್ನ ಮೇಲೆ ಹತ್ತಿಸಿ ಪಾರ್ಕಿಂಗ್ ಮಾಡಿ" ಎಂದಳು. ಅವಳು ಅಂದದ್ದನ್ನು ಮಾಡುವವಳು.

"ಅಪ್ಪ, ಹೂ ಯಾಕೆ ಅಲ್ಲಿಗೆ ಹೋಗ್ತದೆ ಅಂತ ಹೇಳಿ" ಎಂದೆ.

"ಅವಳ ಹತ್ರ ಉಳಿದದ್ದು ಅದೊಂದೇ. ನಾನು ಹೇಳುದಿಲ್ಲ" ಎಂದರು.

ಅಕ್ಕ, ನಾನು ಹೇಳಲಾ? ಹೇಳಿದರೆ ಅಮ್ಮನ ಪಾಲಿಗೆ ದಿಗಂತ್ ಇನ್ನೊಮ್ಮೆ ಹೋಗುತ್ತಾನೆ. ಹೇಳದಿದ್ದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಬರೆಯಬೇಕಾಗಿಲ್ಲ. ನೀನು ದೊಡ್ಡವಳು. ಒಂದು ಮಾತು ಹೇಳು.

ಅಪ್ಪ, ಮಾವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಅಮ್ಮ ಹೇಳಿಲ್ಲ, ಹಾಗಾಗಿ ಬರೆದಿಲ್ಲ.

ನಿನ್ನ ತಂಗಿ,
ಅಪೇಕ್ಷಾ

---

ಘೋಟಿ,
ಜೂನ್ 9, 2024

ಪ್ರೀತಿಯ ಅಕ್ಕನಿಗೆ,

ಮತ್ತೆ ಅಪ್ಪಿಯ ನಮಸ್ಕಾರ. ಅಷ್ಟು ಉದ್ದದ ಕಾಗದಕ್ಕೆ ನೀನು ಮೊಬೈಲಿನಲ್ಲಿ ಕಳಿಸಿದ ಉತ್ತರ ಒಂದೇ ಶಬ್ದ: "ಹೇಳಬೇಡ." ಅದಕ್ಕೆ ಉತ್ತರ ಬರೆಯಲು ನಾನು ಇಷ್ಟು ದಿನ ತೆಗೆದುಕೊಂಡೆ. ಕೋಪ ಮಾಡಬೇಡ. ನಾನು ಹೇಳಿದೆ.

ಹೇಳಿದೆ ಎನ್ನುವುದು ಸಹ ಪೂರ್ತಿ ಸರಿಯಲ್ಲ. ತೋರಿಸಿದೆ. ಮೊದಲ ಗುಡುಗು ಕೇಳಿದ ಮರುದಿನ ಬೆಳಿಗ್ಗೆ ಅಮ್ಮ ಖಾಲಿ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಅವಳ ಕೈ ಹಿಡಿದುಕೊಂಡೆ. "ಅಮ್ಮ, ನಿನ್ನ ಹೂ ಎಲ್ಲಿಗೆ ಹೋಗ್ತದೆ ನೋಡುವ, ಬಾ" ಎಂದೆ. ಅವಳು ಎರಡು ವರ್ಷದಿಂದ ಕಟ್ಟದ ಮೇಲೆ ಕಾಲಿಟ್ಟವಳಲ್ಲ. ಆದರೂ ಬಂದಳು. ಕಟ್ಟ ದಾಟಿ ಹಿಂಬದಿಗೆ ಇಳಿದೆವು. ಒದ್ದೆ ನೆಲದಲ್ಲಿ ನಮ್ಮ ಕಾಲು ಹೂತುಹೋಗುತ್ತಿತ್ತು. ನನಗೆ ಕದಡಿದ ನೀರನ್ನು ತೋರಿಸಬೇಕಿತ್ತು, ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಎಣಿಸಿರಲಿಲ್ಲ.

ಪಾರೂಬಾಯಿ ಅಂಗಳದಲ್ಲಿ ನಿಂತಿದ್ದಳು. ಅಮ್ಮನನ್ನು ಕಂಡು ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. "ವಹಿನಿ, ಹೀ ತುಮಚೀ ಫುಲಂ ಕಾಯ್?" ಇವು ನಿಮ್ಮ ಹೂವಾ ಎಂದು ಕೇಳಿ ಗೋಡೆಯ ಗೂಡಿನತ್ತ ಕೈ ಮಾಡಿದಳು. ಅಲ್ಲಿ ಅವಳ ದೇವರ ಫೋಟೋದ ಮುಂದೆ ದಾಸವಾಳದ ಎಸಳುಗಳು. ಕೆಲವು ಹರಿದಿದ್ದವು, ಕೆಲವಕ್ಕೆ ಮಣ್ಣು ಮೆತ್ತಿತ್ತು. ದಿನಾ ನೀರಿನ ಜೊತೆ ಅಂಗಳಕ್ಕೆ ಬರುತ್ತವೆ, ಯಾರ ಪೂಜೆಯದೋ ಏನೋ, ತುಳಿಯಬಾರದೆಂದು ಎತ್ತಿ ಇಡುತ್ತೇನೆ ಎಂದಳು.

ಅಮ್ಮ ಒಂದು ಎಸಳನ್ನು ಕೈಗೆ ತೆಗೆದುಕೊಂಡಳು. ನಾನು ಪೈಪು, ಬಿಲ, ನೀರಿನ ಸೆಳೆತ ಎಂದು ಏನೇನೋ ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

"ಹಾಗಾದ್ರೆ ಮುಟ್ಟಲೇ ಇಲ್ಲ" ಎಂದಳು.

ಅಕ್ಕ, ಆಗ ನಿನ್ನ "ಹೇಳಬೇಡ" ನೆನಪಾಯಿತು. ನಾನು ಸರಿ ಮಾಡಿದೆ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲಿಲ್ಲ.

ಆದರೆ ಅಮ್ಮ ಅಳಲಿಲ್ಲ. ಕಣ್ಣೆತ್ತಿ ಕಟ್ಟವನ್ನು ನೋಡಿದಳು. ಕೆಳಗಿನಿಂದ ನಾವು ಯಾರೂ ಅದನ್ನು ಸರಿಯಾಗಿ ನೋಡಿದವರೇ ಅಲ್ಲ. ಮೇಲಿನಿಂದ ನಡೆಯುವ ದಾರಿ ಅದು. ಕೆಳಗಿನಿಂದ ಮನೆಯ ಮಾಡಿಗಿಂತ ಎತ್ತರದ ಗೋಡೆ, ಅದರ ಬೆನ್ನಿಗೆ ಅಷ್ಟೂ ನೀರು. ಅಮ್ಮ ಪಾರೂಬಾಯಿಯ ಕಡೆ ತಿರುಗಿ, ಮಕ್ಕಳು ಎಲ್ಲಿ ಮಲಗುತ್ತಾರೆ ಎಂದು ಮರಾಠಿಯಲ್ಲಿ ಕೇಳಿದಳು. ಪಾರೂಬಾಯಿ ಕಟ್ಟದ ಕಡೆಗಿನ ಗೋಡೆ ತೋರಿಸಿದಳು. ಅಲ್ಲಿ ತಂಪು, ಅದಕ್ಕೇ ಬೇಸಿಗೆಯಲ್ಲಿ ಅಲ್ಲಿಯೇ ಹಾಸುತ್ತೇವೆ ಎಂದಳು.

ಅಮ್ಮ ನನಗಿಂತ ಮೊದಲು ಏರು ಹತ್ತಿದಳು. ಹೋಟೆಲಿನಲ್ಲಿ ಅಪ್ಪ ಗಿರಾಕಿಗಳ ಮುಂದೆ ನಿಂತಿದ್ದರು. ಕೆಸರು ಕಾಲಿನಲ್ಲಿ ಹಾಗೇ ಒಳಗೆ ಹೋಗಿ, "ಬಿಚ್ಚಿ" ಎಂದಳು.

"ಎಂತದು?" ಎಂದರು ಅಪ್ಪ.

"ಕಟ್ಟ. ನಾಳೆಯೇ ಬಿಚ್ಚಿ. ಪಾರ್ಕಿಂಗ್ ಅಂತ ಸುಳ್ಳು ಹೇಳಿದ್ದು ಯಾಕೆ? ಮಕ್ಕಳು ಮಲಗ್ತಾರಂತೆ ಅಲ್ಲಿ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?"

ಅಪ್ಪ ಕೈಯಲ್ಲಿದ್ದ ಚಟ್ನಿ ಬಕೆಟನ್ನು ಮಾವನಿಗೆ ಕೊಟ್ಟು ಹೊರಗೆ ನಡೆದರು.

ಮರುದಿನ ವಾಡಿಯವರೆಲ್ಲ ಆಡು, ಪಾತ್ರೆ, ಹಾಸಿಗೆ ಹೊತ್ತು ರಸ್ತೆಗೆ ಬಂದರು. ಅವರಿಗೆ ಹೋಟೆಲಿನಲ್ಲೇ ಉಪ್ಪಿಟ್ಟು, ಚಹಾ. ಮಾವ ಬಡಿಸುತ್ತ, "ಇವತ್ತಿನದೇ, ಬಿಸಿ ಉಂಟು, ಅಪ್ಪಿಯನ್ನು ಕೇಳಿ ಬೇಕಾದ್ರೆ" ಎಂದು ಎಲ್ಲರಿಗೂ ಕನ್ನಡದಲ್ಲೇ ಹೇಳಿದರು, ಅವರೂ ತಲೆಯಾಡಿಸಿದರು. ಜೇಸಿಬಿ ನಿಂತಿದ್ದರೂ ಮೊದಲ ಏಟು ಅಪ್ಪನೇ ಹಾರೆಯಲ್ಲಿ ಹಾಕಿದರು. ಊರಿನಲ್ಲಿ ಅಜ್ಜ ಮಾಡುತ್ತಿದ್ದಂತೆ ಕಾಯಿ ಒಡೆದು ಅದರ ನೀರನ್ನು ಕಟ್ಟದ ಮೇಲೆ ಬಿಟ್ಟರು. ಒಮ್ಮೆಲೇ ಒಡೆಯುವ ಹಾಗಿಲ್ಲ. ಬದಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು, ನೀರಿಗೆ ಹಳ್ಳದ ಹಳೆಯ ದಾರಿಯನ್ನು ತೋರಿಸಿಕೊಡಬೇಕು. ಸಂಜೆಯವರೆಗೂ ಹರಿಯಿತು.

ಕೆರೆಯ ತಳ ಹೇಗಿತ್ತು ಎಂದು ನಿನಗೆ ಬೇಡದಿರಬಹುದು. ಆದರೂ ಬರೆಯುತ್ತೇನೆ. ಕೆಸರು, ಪ್ಲಾಸ್ಟಿಕ್ ಚಮಚ, ಯಾರದೋ ತಂಪು ಕನ್ನಡಕ, ಓಡಾಡುವ ಏಡಿಗಳು. ಹಂಸದ ದೋಣಿ ಪಕ್ಕಕ್ಕೆ ಒರಗಿ ಮಲಗಿತ್ತು. ಪೈಪಿನ ಸುತ್ತ ಒಲೆಯ ಬಾಯಿಯಷ್ಟು ಬಿಲ, ಅದರ ತುಂಬ ಕಪ್ಪಾಗಿ ಮುದ್ದೆಗಟ್ಟಿದ ಹೂ. ದಿಗಂತನದ್ದು ಏನಾದರೂ ಸಿಗುತ್ತದೆ ಎಂದು ನಾನು ಕಾದೆ. ಅವನ ಕೈಯ ಕಡಗ ಅವತ್ತು ಸಿಕ್ಕಿರಲಿಲ್ಲವಲ್ಲ. ಸಿಗಲಿಲ್ಲ. ಸಿಕ್ಕಿತು ಎಂದು ಬರೆದಿದ್ದರೆ ನಿನಗೂ ಓದಲು ಚೆನ್ನಾಗಿರುತ್ತಿತ್ತು.

ಎರಡು ದಿನಕ್ಕೆ ಮಳೆ ಹಿಡಿಯಿತು. ಸಹ್ಯಾದ್ರಿಯ ನೀರೆಲ್ಲ ಕಟ್ಟ ಬಿಚ್ಚಿದ ಜಾಗದಿಂದ ಹಳ್ಳಕ್ಕೆ ಇಳಿದು ಹೋಗುತ್ತಿದೆ. ಹೋಟೆಲಿನ ಹಿಂದೆ ಈಗ ಒಂದು ಸದ್ದು ಇದೆ, ಮೊದಲು ಇರಲಿಲ್ಲ. ಬೋರ್ಡಿನಿಂದ "ಲೇಕ್ ವ್ಯೂ" ಎಂಬುದನ್ನು ನಾನೇ ಏಣಿ ಹತ್ತಿ ಅಳಿಸಿದೆ. ಮುಂಬಯಿಯ ಒಂದು ಕುಟುಂಬ ಕಾರು ನಿಲ್ಲಿಸಿ ಕೆರೆ ಎಲ್ಲಿ ಎಂದು ಕೇಳಿತು. ಇಲ್ಲ ಎಂದೆ. ಹೋಗುತ್ತಾರೆ ಎಂದುಕೊಂಡೆ, ಕೂತು ನೀರುದೋಸೆ ತಿಂದೇ ಹೋದರು.

ನಿನಗೆ ದೇವರು ಒಳ್ಳೆಯದು ಮಾಡಲಿ. ಊಟ ಸರಿಯಾಗಿ ಮಾಡು. ರಾತ್ರಿ ಪಾಳಿ ಇದ್ದರೆ ಕಂಪನಿಯ ಬಸ್ಸಿನಲ್ಲೇ ಬಾ, ಒಬ್ಬಳೇ ರಿಕ್ಷಾ ಹತ್ತಬೇಡ. ಅಪ್ಪ ಮತ್ತು ಮಾವ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ತಂಗಿ,
ಅಪೇಕ್ಷಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ನೀರು ಹರಿಯುತ್ತಿದ್ದಾಗ ಅಪ್ಪ ಕಟ್ಟದ ತುದಿಯಲ್ಲಿ ಕೂತು ಅವತ್ತಿನ ಕಥೆ ಹೇಳಿದರು. ನಾನು ಆಗ ನಿಫಾಡಿನಲ್ಲಿದ್ದೆ, ನನಗೆ ಯಾರೂ ಪೂರ್ತಿ ಹೇಳಿರಲಿಲ್ಲ. ದೋಣಿ ಮಗುಚಿದಾಗ ಅಮ್ಮ ಕಟ್ಟದ ಮೇಲೆ ನಿಂತು "ದಿಗಂತನ್ನ ಹಿಡೀರಿ, ದಿಗಂತನ್ನ" ಎಂದು ಕೂಗಿದಳಂತೆ. ಒಂದೇ ಹೆಸರು. ಅಪ್ಪನ ಕೈಗೆ ಸಿಕ್ಕಿದ್ದು ನಿನ್ನ ಜಡೆ. ಅಪ್ಪನ ಹಿಡಿತದಲ್ಲಿದ್ದುಕೊಂಡೇ ನೀನು ಕತ್ತು ತಿರುಗಿಸಿ ಅಮ್ಮನನ್ನು ನೋಡಿದೆಯಂತೆ. "ಅಮ್ಮ ಕೂಗಿದ್ದು ಅವಳಿಗೆ ಕೇಳಿಸ್ತು. ನಂಗೆ ಗೊತ್ತು, ಅವಳಿಗೆ ಕೇಳಿಸ್ತು" ಎಂದರು ಅಪ್ಪ. ಆಮೇಲೆ ನೀನು ಕೆಲಸ ಹಿಡಿದು ಹೋದದ್ದು, ಈ ಕಡೆ ಬಾರದೇ ಇದ್ದದ್ದು, ಕೆರೆ ಎಂದರೆ ಫೋನು ಇಡುವುದು, ಎಲ್ಲ ನನಗೆ ಆಗ ಅರ್ಥವಾಯಿತು.

ಇವತ್ತು ಬೆಳಿಗ್ಗೆ ಮಳೆಯಲ್ಲೇ ಅಮ್ಮ ಹೂವಿನ ಬುಟ್ಟಿ ಹಿಡಿದು ಮೆಟ್ಟಿಲಿಗೆ ಹೋದಳು. ನೀರಿಲ್ಲ, ಕೆಸರು ಮಾತ್ರ. ನಾನು ಕೊಡೆ ಹಿಡಿದು ಮೊದಲ ಸಲ ಅವಳ ಬೆನ್ನ ಹಿಂದೆಯೇ ನಿಂತೆ. ಅಭ್ಯಾಸಬಲದಲ್ಲಿ ಅವಳು ಒಂದು ದಾಸವಾಳ ಎತ್ತಿ ತುಟಿ ಅಲುಗಿಸಿದಳು. ನನಗೆ ಕೇಳಿಸಿತು. "ದೀಕ್ಷು" ಎಂದಳು.

"ದಿಗಂತ್ ಅಲ್ವಾ?" ಎಂದೆ.

"ಅವನದ್ದು ಅವತ್ತೇ ಕೂಗಿ ಆಗಿದೆ. ಇವಳದ್ದು ಬಾಕಿ ಉಂಟು" ಎಂದಳು.

ಎರಡು ವರ್ಷದಿಂದ ಬಿಟ್ಟ ಅಷ್ಟೂ ಹೂ ನಿನಗೆ, ಅಕ್ಕ. ಕ್ಷಮಿಸು ಎಂದು ಅವಳು ಹೇಳಿಲ್ಲ, ಹಾಗಾಗಿ ಅದನ್ನು ಬರೆಯುವುದಿಲ್ಲ. ಹೂವನ್ನು ವಾಪಸು ಬುಟ್ಟಿಗೆ ಹಾಕಿ, "ನೀನು ಅವಳಿಗೆ ಬರೀತಿಯಂತೆ, ಹೌದಾ?" ಎಂದು ಕೇಳಿದಳು. ಹೌದು ಎಂದೆ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, "ಹಾಗಾದ್ರೆ ನಂದೂ ಒಂದು ಮಾತು ಬರಿ" ಎಂದಳು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಇದು ನಾನು ಸೇರಿಸಿದ್ದಲ್ಲ.